‘ದಿನ ವಿಶೇಷ’ ಓದಿಸುವ ಮಾಸ್ತರರಿಗೂ ಅಕ್ಕೋರಿಗೂ ಒಂದು ಬಹಿರಂಗ ಪತ್ರ

ಪ್ರೀತಿಯ ಮಾಸ್ತರರೇ, ಅಕ್ಕೋರೇ, ಶಾಲೆಗಳಿಗೆ ಸುತ್ತೋಲೆ ಕಳಿಸುವ ಶಿಕ್ಷಣ ಇಲಾಖೆಯ ಹಿರಿಯರೇ,

ನಮಸ್ಕಾರ.

ನನ್ನ ಜನ್ಮದಿನ ಜೂನ್ 1. ನನ್ನ ಹೆಂಡತಿಯದೂ ಜೂನ್ 1. ನನ್ನ ತಮ್ಮನದು, ನನ್ನ ಜೊತೆ ಒಂದನೇ ಇಯತ್ತೆಗೆ ಹೆಸರು ಹಚ್ಚಿದ ಹದಿನೈದಿಪ್ಪತ್ತು ಹುಡುಗರದು, ಎಲ್ಲರದೂ ಜೂನ್ 1. ಒಮ್ಮೆ ಪಿಂಚಣಿ ಕಾಗದದ ಕೆಲಸಕ್ಕೆ ಹೋದಾಗ ಅಲ್ಲಿ ಕೂತಿದ್ದ ಹುಡುಗ ನಕ್ಕುಬಿಟ್ಟ. "ಏನ್ರೀ ಅಜ್ಜಾರ, ನಿಮ್ಮೂರಾಗ ಉಳಿದ ದಿನ ಯಾರೂ ಹುಟ್ಟೇ ಇಲ್ಲೇನ್ರೀ?"

ಗುಟ್ಟು ನಿಮಗೆಲ್ಲ ಗೊತ್ತಿರುವುದೇ. ನಮ್ಮ ಅವ್ವನಿಗೆ ಗೊತ್ತಿದ್ದದ್ದು ಇಷ್ಟು: ಶೀಗಿ ಹುಣ್ಣಿಮೆ ಕಳೆದು ನಾಲ್ಕೋ ಐದೋ ದಿನಕ್ಕೆ ನಾನು ಹುಟ್ಟಿದೆ. ಯಾವ ವರ್ಷ ಅಂದರೆ, ಹಿರೇ ಎತ್ತು ಸತ್ತ ವರ್ಷ. ಶಾಲೆಯ ರಜಿಸ್ಟರಿನಲ್ಲಿ ಹುಣ್ಣಿಮೆಗೂ ಎತ್ತಿಗೂ ಜಾಗ ಇರಲಿಲ್ಲ. ಹೆಡ್ ಮಾಸ್ತರು ನನ್ನ ಬಲಗೈ ತಲೆ ಮೇಲಿಂದ ಎಡಗಿವಿ ಮುಟ್ಟುತ್ತದೋ ಇಲ್ಲವೋ ನೋಡಿದರು. ಮುಟ್ಟಿತು. ಜೂನ್ 1 ಅಂತ ಬರೆದರು. ಶಾಲೆ ಶುರುವಾಗುವ ತಿಂಗಳು, ನೆನಪಿಡಲು ಸುಲಭ, ಲೆಕ್ಕಕ್ಕೂ ಸುಲಭ. ಮುಂದೆ ಮಾಸ್ತರನಾಗಿ ನಾನೂ ಎಷ್ಟೋ ಮಕ್ಕಳನ್ನು ಜೂನ್ 1ಕ್ಕೆ ಹುಟ್ಟಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಯಾವ ತಾರೀಖು ಕಂಡರೂ ನನಗೊಂದು ಚಟ. ಇದನ್ನು ಬರೆದವರು ಯಾರು? ಇದೇ ದಿನ ಯಾಕೆ ಬರೆದರು?

ಈ ಪತ್ರ ಬರೆಯಲು ಕಾರಣ ಒಂದು ಗಣರಾಜ್ಯೋತ್ಸವ. ನಮ್ಮ ಕಡೆಯ ಒಂದು ಶಾಲೆಗೆ ನನ್ನನ್ನು ಅತಿಥಿ ಅಂತ ಕರೆದಿದ್ದರು. ಆರನೇ ತರಗತಿಯ ಹುಡುಗಿಯೊಬ್ಬಳು ‘ದಿನ ವಿಶೇಷ’, ಅಂದರೆ ಹಿಂದೆ ಇದೇ ತಾರೀಖಿಗೆ ಏನೇನಾಯಿತು ಅನ್ನುವ ಪಟ್ಟಿ, ಓದಿದಳು. ಒಂದೇ ಉಸಿರು. 1788, ಆಸ್ಟ್ರೇಲಿಯಾದಲ್ಲಿ ಬ್ರಿಟಿಷರ ಮೊದಲ ವಸಾಹತು. 1831, ಸಂಗೊಳ್ಳಿ ರಾಯಣ್ಣನಿಗೆ ನೇಣು. 1930, ಪೂರ್ಣ ಸ್ವರಾಜ್ಯ ದಿನ. 1950, ಸಂವಿಧಾನ ಜಾರಿ. 1965, ಹಿಂದಿ ಅಧಿಕೃತ ಭಾಷೆ. 2001, ಗುಜರಾತಿನಲ್ಲಿ ಭೂಕಂಪ. ನಡುವೆ ಒಂದಿಬ್ಬರ ಹುಟ್ಟು, ಒಂದಿಬ್ಬರ ಸಾವು. ಚಪ್ಪಾಳೆ ಬಿತ್ತು. ಲಾಡು ಹಂಚುವಾಗ ಅದೇ ಹುಡುಗಿ ನನ್ನ ಹತ್ತಿರ ಬಂದು ಕೇಳಿದಳು, "ಅಜ್ಜಾ, ಇವೆಲ್ಲಾ ಒಂದೇ ದಿನ ಯಾಕ ಆದ್ವು?"

ಪಕ್ಕದಲ್ಲಿದ್ದ ಮಾಸ್ತರರು ನನಗಿಂತ ಮೊದಲೇ ಉತ್ತರ ಕೊಟ್ಟರು. "ಅದು ಕಾಕತಾಳೀಯ ಪುಟ್ಟಾ. ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಆಗ್ತದಲ್ಲ, ಹಂಗ."

ಉತ್ತರ ತಪ್ಪು ಅಂತ ಆಗ ನನಗೂ ಅನಿಸಲಿಲ್ಲ. ಮನೆಗೆ ಬಂದು ಲಾಡು ತಿನ್ನುತ್ತಾ ಯೋಚಿಸಿದೆ. ಆ ಪಟ್ಟಿಯಲ್ಲಿ ಕಾಗೆ ಕೂತದ್ದೂ ಇದೆ, ನಿಜ. ಆದರೆ ಬೇಕೆಂದೇ ಟೊಂಗೆ ಕಡಿದವರೂ ಇದ್ದಾರೆ. ನಾವು ಎರಡನ್ನೂ ಒಂದೇ ಉಸಿರಿನಲ್ಲಿ ಓದಿಸುತ್ತಿದ್ದೇವೆ.

1930ನ್ನೇ ನೋಡಿ. ಅದರ ಹಿಂದಿನ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನ. ಅಧ್ಯಕ್ಷರು ಜವಾಹರಲಾಲ್ ನೆಹರೂ, ಆಗ ಅವರಿಗೆ ನಲವತ್ತು ವರ್ಷ. ಅಲ್ಲಿಯವರೆಗೆ ಕಾಂಗ್ರೆಸ್ ಕೇಳುತ್ತಿದ್ದದ್ದು ಡೊಮಿನಿಯನ್ ಸ್ಥಾನ. ಅಂದರೆ ಬ್ರಿಟಿಷ್ ರಾಜನ ಕೊಡೆಯ ಕೆಳಗೇ ಇದ್ದು ನಮ್ಮ ಮನೆ ನಾವು ನಡೆಸಿಕೊಳ್ಳುವುದು. ಲಾಹೋರಿನಲ್ಲಿ ಅದು ಸಾಲದು, ಪೂರ್ಣ ಸ್ವರಾಜ್ಯವೇ ಬೇಕು ಅಂತಾಯಿತು. ಡಿಸೆಂಬರ್ 31ರ ನಡುರಾತ್ರಿ ರಾವಿ ನದಿಯ ದಂಡೆಯಲ್ಲಿ ಬಾವುಟ ಏರಿಸಿದರು. ಆಮೇಲೆ ದೇಶವೆಲ್ಲ ಒಂದೇ ದಿನ ಪ್ರತಿಜ್ಞೆ ಮಾಡಲಿ ಅಂತ ದಿನ ಗೊತ್ತುಮಾಡಿದರು. ಜನವರಿಯ ಕೊನೆಯ ರವಿವಾರ. ಆ ವರ್ಷ ಅದು 26ನೇ ತಾರೀಖಿಗೆ ಬಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಯಾವ ಮುಹೂರ್ತವನ್ನೂ ನೋಡಿರಲಿಲ್ಲ, ಯಾವ ವೀರನ ಪುಣ್ಯತಿಥಿಯನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ರವಿವಾರ ಆದರೆ ಶಾಲೆ, ಕಚೇರಿಗೆ ರಜೆ, ಜನ ಸೇರುತ್ತಾರೆ ಅನ್ನುವ ಲೆಕ್ಕ ಇದ್ದಿರಬೇಕು. ಆ ವರ್ಷದ ಕ್ಯಾಲೆಂಡರ್ ಒಂದು ದಿನ ಆಚೀಚೆ ಆಗಿದ್ದರೆ ಇವತ್ತು ನಾವು ಗಣರಾಜ್ಯೋತ್ಸವವನ್ನು 25ಕ್ಕೋ 27ಕ್ಕೋ ಮಾಡುತ್ತಿದ್ದೆವು! ಮಕ್ಕಳಿಗೆ ಇದನ್ನು ಹೇಳಿ ನೋಡಿ, ಕಣ್ಣು ಅರಳುತ್ತವೆ.

ಮುಂದೆ ಹದಿನೇಳು ವರ್ಷ ಜನವರಿ 26 ಅಂದರೆ ಸ್ವಾತಂತ್ರ್ಯ ದಿನ. ಇನ್ನೂ ಬಾರದ ಸ್ವಾತಂತ್ರ್ಯದ ದಿನ. ಬಾವುಟ ಹಿಡಿದು ಹೊರಟವರಿಗೆ ಲಾಠಿ ಏಟು ಬೀಳುತ್ತಿತ್ತು, ಜೈಲಾಗುತ್ತಿತ್ತು. ಕೊನೆಗೆ ಸ್ವಾತಂತ್ರ್ಯ ಬಂತು, ಆದರೆ ಬೇರೆ ತಾರೀಖಿಗೆ. ಆಗಸ್ಟ್ 15ನ್ನು ಆರಿಸಿದ್ದು ನಾವಲ್ಲ, ಮೌಂಟ್‌ಬ್ಯಾಟನ್. 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಅಂತ ಬ್ರಿಟನ್ ಹೇಳಿತ್ತು. ಅವರು ಅದನ್ನು ಹಿಂದಕ್ಕೆಳೆದು 1947ರ ಆಗಸ್ಟ್ 15 ಅಂದರು. ಅದು ಎರಡನೇ ಮಹಾಯುದ್ಧದಲ್ಲಿ ಜಪಾನ್ ಶರಣಾಗಿ ಎರಡು ವರ್ಷ ತುಂಬುವ ದಿನ. ಆ ಯುದ್ಧದಲ್ಲಿ ಆಗ್ನೇಯ ಏಷ್ಯಾದ ಸೇನೆಗಳ ಮುಖ್ಯಸ್ಥರಾಗಿದ್ದವರು ಅವರೇ. ತಮ್ಮ ಗೆಲುವಿನ ದಿನ ಅವರಿಗೆ ಮೊದಲು ನೆನಪಾಯಿತು, ಅಷ್ಟೇ.

ಈ ಮಾತಿಗೆ ಸೇರಿದ ಇನ್ನೊಂದು ಎಳೆ ಇದೆ. ಆಗಸ್ಟ್‌ನಲ್ಲಿ ನೀವು ಓದಿಸುವ ಪಟ್ಟಿಯಲ್ಲಿ "ದಕ್ಷಿಣ ಕೊರಿಯಾಕ್ಕೂ ಇದೇ ದಿನ ಸ್ವಾತಂತ್ರ್ಯ ದಿನ" ಅಂತ ಒಂದು ಸಾಲು ಇರುತ್ತದಲ್ಲ, ಅದನ್ನೂ ನಾವು ಕಾಗೆಯ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. 1945ರ ಆಗಸ್ಟ್ 15ಕ್ಕೆ ಜಪಾನ್ ಸೋತಾಗ ಅದಕ್ಕೆ ಬಿಡುಗಡೆ ಆಯಿತು. ಮೌಂಟ್‌ಬ್ಯಾಟನ್ ನಮಗೆ ಕೊಟ್ಟದ್ದು ಅದೇ ಸೋಲಿನ ವಾರ್ಷಿಕ ದಿನವನ್ನು. ಎರಡು ದೇಶಗಳ ಹಬ್ಬ ಒಂದೇ ದಿನ ಬಂದದ್ದು ಒಂದೇ ಹಗ್ಗದ ಎರಡು ತುದಿಯಂತೆ.

ಹಾಗಾದರೆ ಜನವರಿ 26ರ ಗತಿ? ಹದಿನೇಳು ವರ್ಷ ಏಟು ತಿಂದು ಆಚರಿಸಿದ ದಿನ ಸುಮ್ನೆ ಉಳಿದುಬಿಟ್ಟಿತ್ತು. ಸಂವಿಧಾನ ಸಭೆ 1949ರ ನವೆಂಬರ್ 26ರಂದೇ ಸಂವಿಧಾನವನ್ನು ಅಂಗೀಕರಿಸಿತು. ಪೌರತ್ವ, ಚುನಾವಣಾ ಆಯೋಗದಂಥ ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು. ಉಳಿದವು 1950ರ ಜನವರಿ 26ಕ್ಕೆ ಅಂತ 394ನೇ ವಿಧಿಯಲ್ಲೇ ಬರೆದರು. ಆ ಎರಡು ತಿಂಗಳು ಕಾದದ್ದು ಹಳೇ ಋಣ ತೀರಿಸುವುದಕ್ಕೆ. ಜನವರಿ 24ಕ್ಕೆ ಸದಸ್ಯರು ಸಹಿ ಹಾಕಿದರು. 26ರ ಬೆಳಿಗ್ಗೆ 10 ಗಂಟೆ 18 ನಿಮಿಷಕ್ಕೆ ಭಾರತ ಗಣರಾಜ್ಯ ಎಂದು ಸಾರಿದರು. ಸ್ವಲ್ಪ ಹೊತ್ತಿಗೆ ರಾಜೇಂದ್ರ ಪ್ರಸಾದರು ರಾಷ್ಟ್ರಪತಿಯಾಗಿ ಪ್ರಮಾಣ ವಚನ ತೆಗೆದುಕೊಂಡರು.

ಅಂದರೆ 1930 ಮತ್ತು 1950 ಒಂದೇ ದಿನ ಆದ ಎರಡು ಘಟನೆ ಅಲ್ಲ. ಒಂದು ಇನ್ನೊಂದನ್ನು ಕೈ ಹಿಡಿದು ಕರೆತಂದದ್ದು.

ಆ ಬೆಳಿಗ್ಗೆ ಕನ್ನಡದವರು ಎಲ್ಲೆಲ್ಲಿದ್ದರು ಅನ್ನುವುದನ್ನೂ ಒಮ್ಮೆ ಹೇಳಬಹುದು. ಮೈಸೂರಿನಲ್ಲಿ ಜಯಚಾಮರಾಜ ಒಡೆಯರು ಅಂದಿನಿಂದ ರಾಜಪ್ರಮುಖರು, ಅಂದರೆ ರಾಜ್ಯಪಾಲರಂಥ ಹುದ್ದೆ. ಹೈದರಾಬಾದಿನ ನಿಜಾಮರೂ ಅದೇ ದಿನ ರಾಜಪ್ರಮುಖರಾದರು. ಹಾಗಾಗಿ ಕಲಬುರ್ಗಿ, ರಾಯಚೂರು, ಬೀದರಿನವರಿಗೆ ನಿಜಾಮರು ಹೋದ ಹಾಗೂ ಆಯಿತು, ಉಳಿದ ಹಾಗೂ ಆಯಿತು. ಕೊಡಗಿನಲ್ಲಿ ಚೀಫ್ ಕಮಿಷನರ್. ಮಂಗಳೂರಿನವರು ಮದ್ರಾಸ್ ರಾಜ್ಯದವರು. ನಾವು ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದವರು ಮುಂಬಯಿಯವರು. ಇದನ್ನೆಲ್ಲ ಸೇರಿಸಿ ಕಟ್ಟಿದ ದಿನ 1956ರ ನವೆಂಬರ್ 1. ಅದೂ ಆರಿಸಿದ ದಿನವೇ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆದದ್ದು ಅದೇ ನವೆಂಬರ್ 1ಕ್ಕೆ. 2014ರಲ್ಲಿ ಬೆಳಗಾಂ ಹೋಗಿ ಬೆಳಗಾವಿ ಆದದ್ದು, ಜೊತೆಗೆ ಇನ್ನೂ ಹನ್ನೊಂದು ಊರುಗಳ ಹೆಸರು ಬದಲಾದದ್ದು ಕೂಡ ನವೆಂಬರ್ 1ಕ್ಕೆ. ಅಲ್ಲಿ ಕಾಗೆಗೆ ಕೆಲಸವೇ ಇಲ್ಲ.

1965ಕ್ಕೆ ಬರೋಣ. ಇದು ಹಬ್ಬದ ದಿನ ಓದಲು ಸ್ವಲ್ಪ ಇಕ್ಕಟ್ಟಿನ ಸಾಲು, ಅದಕ್ಕೇ ಎಲ್ಲರೂ ಗಡಿಬಿಡಿಯಲ್ಲಿ ದಾಟಿಬಿಡುತ್ತಾರೆ. ಹಿಂದಿ ಅಧಿಕೃತ ಭಾಷೆ, ಆದರೆ ಸಂವಿಧಾನ ಜಾರಿಯಾಗಿ 15 ವರ್ಷ ಇಂಗ್ಲಿಷ್ ಕೂಡ ನಡೆಯಲಿ ಅಂತ 343ನೇ ವಿಧಿ ಹೇಳಿತ್ತು. 1950ಕ್ಕೆ 15 ಕೂಡಿಸಿ. ತಾರೀಖು ತಾನಾಗಿಯೇ ಬರುತ್ತದೆ. ಇಂಗ್ಲಿಷನ್ನು ಮುಂದುವರಿಸಬಹುದು ಅಂತ 1963ರಲ್ಲೇ ಕಾಯ್ದೆ ಆಗಿತ್ತು, ಆದರೂ ತಮಿಳುನಾಡಿನವರಿಗೆ ನಂಬಿಕೆ ಬರಲಿಲ್ಲ. ಅಣ್ಣಾದುರೈ ಅವರ ಪಕ್ಷ ಗಣರಾಜ್ಯ ದಿನವನ್ನು ಶೋಕ ದಿನ ಅಂತ ಆಚರಿಸಲು ಕರೆ ಕೊಟ್ಟಿತು. ವಿದ್ಯಾರ್ಥಿಗಳು ಒಂದು ದಿನ ಮೊದಲೇ ಬೀದಿಗೆ ಬಂದರು. ಮದುರೆಯಲ್ಲಿ ಶುರುವಾದ ಗಲಭೆ ವಾರಗಟ್ಟಲೆ ನಡೆಯಿತು, ಜನ ಸತ್ತರು. ಕೊನೆಗೆ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ರೇಡಿಯೋದಲ್ಲಿ ಭರವಸೆ ಕೊಡಬೇಕಾಯಿತು. ಲಾಹೋರಿನಲ್ಲಿ ಒಂದು ರವಿವಾರವನ್ನು ಆರಿಸಿದವರಿಗೆ ಅದರ ನೆರಳು ಮದುರೆಯವರೆಗೆ ಬೀಳುತ್ತದೆ ಅಂತ ಕನಸಿನಲ್ಲೂ ಅನಿಸಿರಲಿಕ್ಕಿಲ್ಲ.

ಇನ್ನು ನಮ್ಮ ರಾಯಣ್ಣ.

ಇಲ್ಲಿ ನಾನು ಸ್ವಲ್ಪ ಹುಷಾರಾಗಿ ಬರೆಯಬೇಕು. ನಾನು ಈ ಸೀಮೆಯವನೇ, ಸಂಗೊಳ್ಳಿ ನನಗೆ ಸೈಕಲ್ ದಾರಿ. "ಸ್ವಾತಂತ್ರ್ಯ ದಿನ ಹುಟ್ಟಿ, ಗಣರಾಜ್ಯ ದಿನ ಪ್ರಾಣ ಕೊಟ್ಟ ವೀರ" ಅನ್ನುವ ಮಾತು ಪ್ರತಿ ವರ್ಷ ಎರಡು ಸಲ ನನ್ನ ಮೊಬೈಲಿಗೆ ಬರುತ್ತದೆ. ಓದಿ ನನ್ನ ಮೈಯೂ ಜುಮ್ ಅಂದದ್ದಿದೆ. ಹುಟ್ಟಿದ ಇಸವಿಯನ್ನು ಕೆಲವರು 1796 ಅಂತಾರೆ, ಕೆಲವರು 1798 ಅಂತಾರೆ, ದಿನ ಮಾತ್ರ ಎಲ್ಲರೂ ಆಗಸ್ಟ್ 15 ಅಂತಲೇ ಹೇಳುತ್ತಾರೆ. ನೇಣಾದದ್ದು 1831ರ ಜನವರಿ 26, ನಂದಗಡದ ಆಲದ ಮರಕ್ಕೆ.

ಆದರೆ ಮಕ್ಕಳಿಗೆ ಆ ಒಂದು ಸಾಲು ಹೇಳಿ ಬಿಟ್ಟರೆ ಏನು ಉಳಿಯುತ್ತದೆ? ಎರಡು ತಾರೀಖು. ಶೇತ್ಸನದಿ, ಅಂದರೆ ಜಮೀನು ಪಡೆದು ಊರ ಚಾಕರಿ ಮಾಡುವ ಕೆಲಸದವನೊಬ್ಬ 1824ರಲ್ಲಿ ಕಿತ್ತೂರಿನ ಪರ ನಿಂತು ಕಾದಿದ. ಕಲೆಕ್ಟರ್ ಥ್ಯಾಕರೆ ಸತ್ತ ಯುದ್ಧ ಅದು. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರ ಫೆಬ್ರವರಿಯಲ್ಲಿ ತೀರಿಕೊಂಡರು. ಎಲ್ಲ ಮುಗಿಯಿತು ಅಂತ ಕಂಪನಿ ಸರ್ಕಾರ ಅಂದುಕೊಂಡ ಮೇಲೆ ರಾಯಣ್ಣ ಎದ್ದದ್ದು. ಕಿತ್ತೂರು ಮನೆತನದ ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೆ ಕೂಡಿಸಬೇಕು ಅಂತ ಊರೂರಿನ ಬಡವರನ್ನು ಸೇರಿಸಿದ. ಕಾಡಿನಲ್ಲಿದ್ದು ರಾತ್ರಿ ಬಂದು ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟ, ಖಜಾನೆ ದೋಚಿದ. ಎದುರಿಗೆ ನಿಂತು ಹಿಡಿಯಲಾಗದೆ, 1830ರಲ್ಲಿ ನಮ್ಮವರ ಕೈಯಿಂದಲೇ ಮೋಸದಿಂದ ಹಿಡಿಸಿದರು. ಇಷ್ಟು ಕತೆ ಇರುವಾಗ ತಾರೀಖಿನ ಜಾದೂ ಯಾಕೆ ಬೇಕು?

ಇನ್ನೊಂದು ಮಾತು. ರಾಯಣ್ಣನ ಕಾಲದ ಸಂಗೊಳ್ಳಿಯಲ್ಲಿ ಜನವರಿ ಅನ್ನುವ ಶಬ್ದವೇ ಇರಲಿಕ್ಕಿಲ್ಲ. ಅಲ್ಲಿ ಎಣಿಕೆ ನಮ್ಮ ಅವ್ವನದೇ ಎಣಿಕೆ. ಹುಣ್ಣಿಮೆ, ಅಮಾವಾಸ್ಯೆ, ಎಳ್ಳಮಾಸಿಯ ಚರಗ, ಸುಗ್ಗಿ. ಜನವರಿ 26 ಅಂತ ಬರೆದುಕೊಂಡದ್ದು ನೇಣು ಹಾಕಿದವರು. ರಾಯಣ್ಣ ಯಾವ ಕಚೇರಿಗಳಿಗೆ ಬೆಂಕಿ ಇಟ್ಟನೋ ಅಂಥದೇ ಕಚೇರಿಯ ಲೆಕ್ಕದ ತಾರೀಖು ಹಿಡಿದು ನಾವು ಅವನನ್ನು ನೆನೆಯುತ್ತೇವೆ. ತಪ್ಪು ಅಂತಲ್ಲ. ಆದರೆ ಒಂದು ಸಲ ಮಕ್ಕಳ ಎದುರು ಇದನ್ನು ಹೇಳಿ. ಎಂಟನೇ ತರಗತಿಯ ಹುಡುಗರು ಚೆನ್ನಾಗಿ ವಾದ ಮಾಡುತ್ತಾರೆ, ನಾನು ನೋಡಿದ್ದೇನೆ.

ಕಾಗೆ ಕೂತದ್ದು ಅಂದರೆ ಇದು. 1930ರಲ್ಲಿ ರವಿವಾರ ಹುಡುಕಿದವರ ಕಣ್ಣೆದುರು ಇದ್ದದ್ದು ಕ್ಯಾಲೆಂಡರ್, ನಂದಗಡ ಅಲ್ಲ. ಇದರಿಂದ ರಾಯಣ್ಣ ಒಂದು ಕೂದಲೆಳೆಯಷ್ಟೂ ಸಣ್ಣವನಾಗುವುದಿಲ್ಲ. ಬೆಂಗಳೂರಿನ ದೊಡ್ಡ ರೈಲ್ವೆ ನಿಲ್ದಾಣಕ್ಕೆ ಅವನ ಹೆಸರಿಟ್ಟದ್ದು ಎರಡು ತಾರೀಖು ತಾಳೆಯಾದವು ಅಂತ ಅಲ್ಲವಲ್ಲ.

ಆಸ್ಟ್ರೇಲಿಯಾದ್ದು ಬೇಗ ಮುಗಿಸುತ್ತೇನೆ. 1788ರಲ್ಲಿ ಆರ್ಥರ್ ಫಿಲಿಪ್ ಎಂಬಾತ ಕೈದಿಗಳನ್ನು ತುಂಬಿಕೊಂಡ 11 ಹಡಗುಗಳ ಪಡೆಯೊಂದಿಗೆ ಬಂದು ಸಿಡ್ನಿಯಲ್ಲಿ ಬಾವುಟ ನೆಟ್ಟ. ಅಲ್ಲಿ ಅದು ರಾಷ್ಟ್ರೀಯ ದಿನ. ಆದರೆ ಆ ನೆಲದ ಮೂಲ ಜನ 150ನೇ ವರ್ಷಕ್ಕೆ, 1938ರಲ್ಲಿ, ಅದನ್ನೇ ಶೋಕ ದಿನ ಅಂತ ಆಚರಿಸಿದರು. ಇವತ್ತಿಗೂ ಅವರಲ್ಲಿ ಅನೇಕರು ಅದನ್ನು ಆಕ್ರಮಣದ ದಿನ ಅಂತಾರೆ. ಸಿಡ್ನಿ, ಮೆಲ್ಬರ್ನಿನಲ್ಲಿರುವ ನಮ್ಮ ಕನ್ನಡದವರಿಗೆ ಒಂದೇ ರಜೆಯಲ್ಲಿ ಎರಡು ದೇಶದ ಹಬ್ಬ. ಬ್ರಿಟಿಷರು ಬಂದು ಇಳಿದದ್ದರ ಹಬ್ಬ ಒಂದು, ಬ್ರಿಟಿಷ್ ರಾಜನ ಹೆಸರು ಅಳಿಸಿದ್ದರ ಹಬ್ಬ ಇನ್ನೊಂದು. ನಗಬೇಕೋ ಏನೋ.

ಕೊನೆಗೆ ಉಳಿದದ್ದು 2001ರ ಗುಜರಾತ್ ಭೂಕಂಪ. ನನ್ನ ಕಾಗೆಯ ಲೆಕ್ಕ ಕೈಕೊಡುವುದು ಇಲ್ಲೇ.

ಭೂಮಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಕಛ್‌ನಲ್ಲಿ ಅದು ನಡುಗಿದ್ದು ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ, ತೀವ್ರತೆ 7.7. ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ದಿನ ಗಣರಾಜ್ಯೋತ್ಸವ ಇದ್ದದ್ದು ಆಕಸ್ಮಿಕ. ಆದರೆ ಅಂಜಾರ್ ಎಂಬ ಊರಿನಲ್ಲಿ ಮಕ್ಕಳು ಬಾವುಟ ಹಿಡಿದು ಮೆರವಣಿಗೆ ಹೊರಟಿದ್ದರು. ನಮ್ಮಲ್ಲಿ ಪ್ರಭಾತ ಫೇರಿ ಅಂತೀವಲ್ಲ, ಹಾಗೆ. ಹಳೇ ಊರಿನ ಇಕ್ಕಟ್ಟು ಓಣಿ. ಎರಡೂ ಕಡೆಯ ಮನೆಗಳು ಅವರ ಮೇಲೆ ಕುಸಿದವು. ನೂರೆಂಬತ್ತಕ್ಕೂ ಹೆಚ್ಚು ಮಕ್ಕಳು, ಜೊತೆಗಿದ್ದ ಮಾಸ್ತರರು, ಅಕ್ಕೋರು ಹೋದರು.

25ನೇ ತಾರೀಖೋ 27ನೇ ತಾರೀಖೋ ಆಗಿದ್ದರೆ ಆ ಮಕ್ಕಳು ಆ ಹೊತ್ತಿಗೆ ಆ ಓಣಿಯಲ್ಲಿ ಇರುತ್ತಿರಲಿಲ್ಲ. ಲಾಹೋರಿನವರು ಆರಿಸಿದ ರವಿವಾರ ಎಪ್ಪತ್ತೊಂದು ವರ್ಷದ ಮೇಲೆ ಆ ಮಕ್ಕಳನ್ನು ಅಲ್ಲಿಗೆ ಕರೆತಂದಿತ್ತು. ಯಾರ ತಪ್ಪೂ ಅಲ್ಲ. ಇದನ್ನು ಕಾಗೆ ಅನ್ನಲಾ, ಕೈ ಅನ್ನಲಾ ಅಂತ ನಾನು ಇವತ್ತಿಗೂ ತೀರ್ಮಾನಿಸಿಲ್ಲ. ಮೂವತ್ತು ವರ್ಷ ಇಂಥ ಫೇರಿಯ ಮುಂದೆ ಸೀಟಿ ಊದುತ್ತಾ ನಡೆದವನು ನಾನು. ಆ ಸಾಲನ್ನು ಆ ಹುಡುಗಿ "ಗುಜರಾತಿನಲ್ಲಿ ಭೂಕಂಪ" ಅಂತ ಮೂರು ಸೆಕೆಂಡಿನಲ್ಲಿ ಓದಿ ಮುಗಿಸಿದಳು. ಅವಳದೇನೂ ತಪ್ಪಿಲ್ಲ, ನಾವು ಬರೆದುಕೊಟ್ಟದ್ದೇ ಅಷ್ಟು.

ಹೀಗಾಗಿ ನನ್ನ ಬೇಡಿಕೆ ಇಷ್ಟೇ. ‘ದಿನ ವಿಶೇಷ’ ನಿಲ್ಲಿಸಬೇಡಿ, ಅದು ಒಳ್ಳೆಯ ಪದ್ಧತಿ. ಹತ್ತು ಸಾಲಿನ ಪಟ್ಟಿ ಬಿಟ್ಟು ಒಂದೇ ಘಟನೆ ತೆಗೆದುಕೊಳ್ಳಿ, ಮೂರು ನಿಮಿಷ ಹೇಳಲಿ. ಮುಂದಿನ ವರ್ಷ ಅದೇ ದಿನ ಇನ್ನೊಂದು. ಒಂದನೇ ತರಗತಿಗೆ ಬಂದ ಮಗು ಏಳನೇ ತರಗತಿಗೆ ಬರುವಷ್ಟರಲ್ಲಿ ಜನವರಿ 26ರ ಏಳು ಕತೆ ಅದರ ಹತ್ತಿರ ಇರುತ್ತವೆ. ಮತ್ತು ಓದಿದ ಮೇಲೆ ಮಕ್ಕಳನ್ನೇ ಕೇಳಿ: ಈ ದಿನವನ್ನು ಯಾರಾದರೂ ಆರಿಸಿದರಾ, ಸುಮ್ನೆ ಬಂದು ಬಿತ್ತಾ?

ಇಲಾಖೆಯವರಿಗೆ ಒಂದು ಮಾತು. ಇದಕ್ಕೆ ಹೊಸ ನಮೂನೆ, ಹೊಸ ರಜಿಸ್ಟರು, ಫೋಟೋ ತೆಗೆದು ಅಪ್‌ಲೋಡ್ ಮಾಡುವ ಕೆಲಸ ಮಾತ್ರ ಹಚ್ಚಬೇಡಿ. ಮಾಸ್ತರರ ಬೆನ್ನ ಮೇಲೆ ಈಗಿರುವುದೇ ಜಾಸ್ತಿ.

ಗಣಿತದ ಅಕ್ಕೋರಿಗೂ ಒಂದು ಆಟ ಇದೆ. ತರಗತಿಯಲ್ಲಿ ಎಲ್ಲರ ಹುಟ್ಟಿದ ದಿನ ಕೇಳಿ. ಬರೀ 23 ಮಕ್ಕಳಿದ್ದರೂ ಇಬ್ಬರದು ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು. 40 ಮಕ್ಕಳಿದ್ದರೆ ನೂರಕ್ಕೆ ತೊಂಬತ್ತರ ಹತ್ತಿರ. ವರ್ಷಕ್ಕೆ 365 ದಿನ ಇದ್ದೂ ಹೀಗೆ! ಇಷ್ಟು ಸಣ್ಣ ತರಗತಿಯಲ್ಲೇ ತಾರೀಖುಗಳು ಡಿಕ್ಕಿ ಹೊಡೆಯುವಾಗ ಸಾವಿರಾರು ವರ್ಷದ ಇತಿಹಾಸದಲ್ಲಿ ಹೊಡೆಯದೆ ಇರುತ್ತವಾ? ಈ ಆಟವನ್ನು ಅಜ್ಜ ಅಜ್ಜಿಯರ ಜೊತೆ ಮಾತ್ರ ಆಡಬೇಡಿ. ಎಲ್ಲರೂ ಜೂನ್ 1 ಅಂದುಬಿಡುತ್ತಾರೆ.

ಬರುವ ಜನವರಿ 26ಕ್ಕೆ ಇನ್ನೂ ಒಂದು. ನಮ್ಮ ಕಡೆ ಫೇರಿ ಮುಗಿಸಿ, ಬಾವುಟ ಬಿಚ್ಚಿ, ಭಾಷಣಕ್ಕೆ ಮೈಕ್ ಸರಿಮಾಡುವ ಹೊತ್ತಿಗೆ ಹೆಚ್ಚು ಕಡಿಮೆ ಎಂಟೂ ಮುಕ್ಕಾಲು ಆಗಿರುತ್ತದೆ. 8 ಗಂಟೆ 46 ನಿಮಿಷಕ್ಕೆ ಒಂದು ನಿಮಿಷ ಮೈಕ್ ಬಂದ್ ಮಾಡಿ, ಅಂಜಾರದ ಮಕ್ಕಳ ಮಾತು ನಮ್ಮ ಮಕ್ಕಳಿಗೆ ಹೇಳಿ. ಆಮೇಲೆ ಲಾಡು ಹಂಚಿ.

ನಂದಗಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಶಾಲೆಗಳು ನನಗೂ ಒಂದು ಮಾತು ತಿಳಿಸಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಟ್ಟರೆ ಸಾಕು, ಆಲದ ಮರದ ಕೆಳಗೆ ಕೂತು ಕತೆ ಹೇಳುವ ಕೆಲಸ ನನ್ನದು.

ಇತಿ ನಿಮ್ಮವ,
ಬೈಲಹೊಂಗಲ ಸೀಮೆಯ ಒಬ್ಬ ನಿವೃತ್ತ ಮಾಸ್ತರ
(ರಜಿಸ್ಟರಿನ ಪ್ರಕಾರ ಜೂನ್ 1ಕ್ಕೆ ಹುಟ್ಟಿದವ)